ಕನಸು ಟೈಪ್ ಮಾಡುತ್ತಿದ್ದ ಅಕ್ಕ

ಅಕ್ಕನ ಹತ್ತು ಬೆರಳುಗಳ ತುದಿಯೂ ಯಾವಾಗಲೂ ಬೆಳ್ಳಗಿರುತ್ತಿತ್ತು. ಕೈ ಬೆವರುತ್ತದೆಂದು, ಟೈಪಿಂಗಿಗೆ ಕೂರುವ ಮೊದಲು ಪೌಡರ್ ಡಬ್ಬಿಯನ್ನು ಅಂಗೈ ಮೇಲೆ ಎರಡು ಸಲ ತಟ್ಟಿಕೊಂಡು ಬೆರಳಿಗೆಲ್ಲ ಸವರಿಕೊಳ್ಳುತ್ತಿದ್ದರು. ಅವರ ಕೀಬೋರ್ಡಿನ ಸಂದುಗೊಂದುಗಳಲ್ಲೆಲ್ಲ ಪೌಡರ್ ಕೂತು, ಯಾವ ಗುಂಡಿಯಲ್ಲಿ ಯಾವ ಅಕ್ಷರವಿದೆ ಎನ್ನುವುದು ಬೇರೆಯವರಿಗೆ ಕಾಣುತ್ತಲೇ ಇರಲಿಲ್ಲ. ಅಕ್ಕನಿಗೆ ಕಾಣುವ ಅಗತ್ಯವೂ ಇರಲಿಲ್ಲ. ಕತ್ತನ್ನು ಎಡಕ್ಕೆ ವಾಲಿಸಿ, ಕೈಬರಹದ ಹಾಳೆಯ ಮೇಲೆ ಅರೆಗಣ್ಣು ಇಟ್ಟು, ತೂಕಡಿಸುವವರ ಹಾಗೆ ಟೈಪ್ ಮಾಡುತ್ತಿದ್ದರು. ಮೊದಲ ಸಲ ನೋಡಿದಾಗ, ಈಯಮ್ಮನ ಕೈಗೆ ಕೊಟ್ಟರೆ ನನ್ನ ಪ್ರಬಂಧದ ಗತಿ ಮುಗಿದಂತೆಯೇ ಎಂದುಕೊಂಡಿದ್ದೆ.

ನಾವು ವಿದ್ಯಾರ್ಥಿಗಳೆಲ್ಲ ಅಕ್ಕ ಎನ್ನುತ್ತಿದ್ದ ಅವರ ಅಂಗಡಿ ಎಂದರೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಮನೆಯ ಮುಂದಿನ ಕೋಣೆ. ಟೈಪಿಂಗ್, ಜೆರಾಕ್ಸ್, ಬೈಂಡಿಂಗ್. ನಡುಮನೆಯಲ್ಲಿ ಅವರ ಯಜಮಾನರ ಎರಡು ರೇಷ್ಮೆ ಮಗ್ಗಗಳು ಓಡುತ್ತಿದ್ದವು. ಮಧ್ಯಾಹ್ನದ ಹೊತ್ತು ಅಲ್ಲಿ ಹೋಗಿ ಕೂತರೆ ಮಗ್ಗದ ಸದ್ದು ಗೋಡೆಯಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಸದ್ದು ಸದ್ದಾಗಿ ಕೇಳುತ್ತಲೇ ಇರಲಿಲ್ಲ. ಕಿಟಕಿಯಿಂದ ಬರುವ ಬಿಸಿಲಿನಲ್ಲಿ ರೇಷ್ಮೆಯ ನವಿರು ತೇಲುತ್ತಿತ್ತು, ಮಾತಾಡುವವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ನನಗೆ ಕಣ್ಣು ಎಳೆಯುತ್ತಿತ್ತು. ನನ್ನ ಮನಃಶಾಸ್ತ್ರ ಎಂ.ಎ.ಯ ಎರಡು ವರ್ಷ ಆ ಕೋಣೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅರೆನಿದ್ದೆಯಲ್ಲೇ ಕಳೆದುಹೋಯಿತೇನೋ ಎಂದು ಈಗಲೂ ಅನ್ನಿಸುತ್ತದೆ.

ಅಕ್ಕ ಓದಿದ್ದು ಪಿಯುಸಿ. ಮನಃಶಾಸ್ತ್ರದ ಒಂದು ಪುಸ್ತಕವನ್ನೂ ತೆರೆದವರಲ್ಲ. ಆದರೆ ವರ್ಷವರ್ಷವೂ ನಮ್ಮಂಥವರ ಸಂಶೋಧನಾ ವರದಿಗಳನ್ನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ದಾಟಿಸಿ, ವರದಿ ಎನ್ನುವುದು ಹೇಗಿರಬೇಕು ಎನ್ನುವುದು ಅವರಿಗೆ ನಮ್ಮ ಗೈಡ್ ಮೇಡಂಗಿಂತ ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು. ನನ್ನ ಮೊದಲ ಕರಡನ್ನು ತಿರುವಿ ನೋಡಿ ವಾಪಸ್ಸು ಕೊಟ್ಟಿದ್ದರು.

"ಎಲ್ಲ ಕಲಸಿ ಇಟ್ಟಿದ್ದೀಯಲ್ಲಮ್ಮ. ಪೀಠಿಕೇಲಿ ಯಾಕೆ ಹೊರಟೆ ಅಂತ ಹೇಳು. ಆಮೇಲೆ ನಿನಗಿಂತ ಮುಂಚೆ ಆ ದಾರೀಲಿ ಯಾರ್ಯಾರು ಹೋಗಿದ್ರು ಅನ್ನೋದು. ವಿಧಾನದಲ್ಲಿ ನೀನು ಏನು ಮಾಡ್ದೆ, ಅಷ್ಟೇ. ಫಲಿತಾಂಶದಲ್ಲಿ ಸಿಕ್ಕಿದ್ದನ್ನ ಇಟ್ಟು ಸುಮ್ನಿರು, ಅಲ್ಲೇ ಬಾಯಿ ಹಾಕ್ಬೇಡ. ಮಾತೆಲ್ಲ ಚರ್ಚೆಗೆ ಇಟ್ಕೊ."

"ಇದನ್ನ ಯಾರು ಹೇಳ್ಕೊಟ್ರು ಅಕ್ಕ ನಿಮಗೆ?"

"ಯಾರೂ ಇಲ್ಲ. ನಿಮ್ಮ ಸೀನಿಯರ್‌ಗಳ ತಪ್ಪು ಟೈಪ್ ಮಾಡೀ ಮಾಡೀ ಬಂತು."

ಗ್ರಂಥಋಣದ ವಿಷಯದಲ್ಲಂತೂ ಅವರದು ವಿಪರೀತ. ಕೆಂಪು ಪೆನ್ಸಿಲ್ ಹಿಡಿದು, ವರದಿಯ ಒಳಗೆ ಬಂದ ಒಂದೊಂದು ಹೆಸರಿಗೂ ಕೊನೆಯ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ಆಮೇಲೆ ಪಟ್ಟಿಯಿಂದ ಒಳಕ್ಕೆ. "ಪಂಕ್ತೀಲಿ ಕೂತೋರೆಷ್ಟು, ಎಲೆ ಹಾಕಿದ್ದೆಷ್ಟು, ಎರಡೂ ಹೊಂದ್ಬೇಕು ಕಣಮ್ಮ" ಎನ್ನುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಆಗ ಒಂದು ಪದ್ಧತಿ ಇತ್ತು. ಹಿಂದಿನ ವರ್ಷದವರ ಗ್ರಂಥಪಟ್ಟಿಯನ್ನೇ ಈ ವರ್ಷದವರು ಹಾಗೇ ಅಂಟಿಸಿಕೊಳ್ಳುವುದು. ಅದು ಯಾರು ಮಾಡಿದ ಪಟ್ಟಿಯೋ, ಎಷ್ಟು ವರ್ಷದಿಂದ ಅಂಟುತ್ತಾ ಬಂದಿತ್ತೋ ದೇವರಿಗೇ ಗೊತ್ತು. ನನ್ನ ತರಗತಿಯ ಹುಡುಗನೊಬ್ಬ ಪರೀಕ್ಷಾಭಯದ ಮೇಲೆ ವರದಿ ಬರೆದಿದ್ದ. ಅವನ ಪಟ್ಟಿಯ ತುಂಬ ಮುಪ್ಪಿನ ಮರೆವಿನ ಪುಸ್ತಕಗಳು.

"ಇದರಲ್ಲಿ ನೀನು ಓದಿರೋದು ಎಷ್ಟಪ್ಪಾ?" ಅಂದರು ಅಕ್ಕ.

ಅವನು ತಲೆ ಕೆರೆದುಕೊಂಡು, "ಮೂರು" ಅಂದ.

"ಹಂಗಾದ್ರೆ ಮೂರೇ ಇರ್ಲಿ."

"ಅಕ್ಕಾ, ಮೂರಾದ್ರೆ ಪುಟ ತುಂಬಲ್ಲ ಅಕ್ಕಾ!"

"ತುಂಬ್ದೇ ಇದ್ರೆ ಬಿಳೀ ಬಿಡ್ತೀನಿ. ಕಾಗದ ನಂದೇ ಅಲ್ವಾ?"

ಅವನು ಗೊಣಗಿಕೊಂಡು ಎದ್ದು ಬೇರೆ ಅಂಗಡಿಗೆ ಹೋದ. ಅಲ್ಲಿ ಪೂರಾ ಪಟ್ಟಿ ಹಾಕಿಕೊಟ್ಟರಂತೆ, ಮಾರ್ಕ್ಸೂ ಬಂತಂತೆ. ಅಕ್ಕನಿಗೆ ಹೇಳಿದರೆ "ಬರ್ಲಿ ಬಿಡು, ಒಳ್ಳೇ ಹುಡುಗ" ಎಂದು ಪೌಡರ್ ಡಬ್ಬಿ ತಟ್ಟಿಕೊಂಡರು. ಮನೆಮಾತಿನಲ್ಲೂ ಅವರ ಚಾಳಿ ಇದೇ. ಯಾರೋ ಬಂದು ಮಾಕಳಿದುರ್ಗದ ಹತ್ತಿರ ಚಿರತೆ ಬಂದಿದೆಯಂತೆ ಎಂದರೆ, "ಯಾರು ಹೇಳಿದ್ದು? ಅವರು ನೋಡಿದ್ರಾ, ಕೇಳಿದ್ರಾ?" ಎಂದು ಅರೆಗಣ್ಣಲ್ಲೇ ವಿಚಾರಿಸುತ್ತಿದ್ದರು. ಸುದ್ದಿ ತಂದವರ ಮುಖ ಸಪ್ಪಗಾಗುತ್ತಿತ್ತು.

ನನ್ನದು ದೊಡ್ಡಬೆಳವಂಗಲದ ಕಡೆಯ ಹಳ್ಳಿ. ಎಂ.ಎ. ಸೇರಿದ ಹೊಸತರಲ್ಲಿ ಸ್ವಲ್ಪ ದಿನ ದೊಡ್ಡಬಳ್ಳಾಪುರದ ಚಿಕ್ಕಮ್ಮನ ಮಗ್ಗದ ಮನೆಯಲ್ಲಿದ್ದೆ. ಮಗ್ಗ ಓಡುವಾಗ ನನಗೆ ನಿದ್ದೆ ಬರುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಚಿಕ್ಕಮ್ಮನಿಗೆ ದಿಗ್ಗನೆ ಎಚ್ಚರವಾಗುತ್ತಿತ್ತು. ಅದರಿಂದಲೇ ನನಗೆ ವಿಷಯ ಸಿಕ್ಕಿದ್ದು: ಮಗ್ಗದ ಮನೆಯ ಹೆಂಗಸರ ನಿದ್ದೆ ಮತ್ತು ಕನಸು. ಮೂವತ್ತು ಜನ ಇರಲೇಬೇಕು ಎಂದು ಗೈಡ್ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಮೂವತ್ತು ಮನೆಗೆ ಹೋಗಿ ಮೂವತ್ತು ಚಿಕ್ಕ ನೋಟ್‌ಬುಕ್ ಕೊಟ್ಟೆ. ಏಳು ದಿನ ಬೆಳಗ್ಗೆ ಎದ್ದ ಕೂಡಲೇ ಬಿದ್ದ ಕನಸನ್ನು ಬರೆಯಬೇಕು. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಬೇಕು. ಹೆಸರು ಹಾಕುವ ಹಾಗಿಲ್ಲ, ಒಂದು, ಎರಡು, ಮೂರು ಎಂದು ಸಂಖ್ಯೆ ಮಾತ್ರ.

ಇಪ್ಪತ್ತಮೂರು ಪುಸ್ತಕ ವಾಪಸ್ಸು ಬಂದವು. ಎಂಥ ಕನಸುಗಳು! ಒಬ್ಬಾಕೆ ಗ್ಯಾಸ್ ಸಿಲಿಂಡರ್ ಹೊತ್ತು ಮಾಕಳಿದುರ್ಗದ ಬೆಟ್ಟ ಹತ್ತುತ್ತಿದ್ದಳು, ಮೇಲೆ ನೋಡಿದರೆ ರೇಷನ್ ಅಂಗಡಿಯ ಸಾಲು. ಇನ್ನೊಬ್ಬಳ ಸತ್ತ ಅತ್ತೆ ಬಂದು ಕರಿಬೇವು ಕೇಳಿ, ಕೊಡುವಷ್ಟರಲ್ಲಿ ಬಸ್ಸು ಹತ್ತಿದ್ದಳು. ಮತ್ತೊಬ್ಬಳು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದರೆ ನೂಲಿನ ಬದಲು ಮಳೆ ಬರುತ್ತಿತ್ತು. ಉಳಿದ ಏಳು ಪುಸ್ತಕ ಬರಲೇ ಇಲ್ಲ. ಎರಡು ಸಲ ಅಲೆದೆ. "ನಾಳೆ ಬಾಮ್ಮ" ಎಂದರು. ವರದಿ ಒಪ್ಪಿಸಲು ನಾಲ್ಕೇ ದಿನ ಉಳಿದಿತ್ತು. ಆ ವರ್ಷವೇ ಪಾಸಾಗಿ ಮೊದಲ ದರ್ಜೆ ಬಂದರೆ ಒಂದು ವಸತಿ ಶಾಲೆಯಲ್ಲಿ ಆಪ್ತಸಮಾಲೋಚಕಿಯ ಕೆಲಸ ಸಿಗುವುದಿತ್ತು, ಮಾತೂ ಆಗಿತ್ತು. ಬೆಳವಂಗಲದಿಂದ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆ ಏಳು ಜನರ ಕನಸನ್ನು ನಾನೇ ಬರೆದು, ಇಪ್ಪತ್ತನಾಲ್ಕರಿಂದ ಮೂವತ್ತರವರೆಗೆ ಸಂಖ್ಯೆ ಹಾಕಿದೆ. ನಾಚಿಕೆಯೇನೂ ಆಗಲಿಲ್ಲ, ಖುಷಿಯೇ ಆಯಿತು. ರಾಗಿ ಹೊಲ, ದ್ರಾಕ್ಷಿ ಚಪ್ಪರ ಕಿಟಕಿಯಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದವು, ಕನಸುಗಳು ತಾವಾಗಿಯೇ ಬರುತ್ತಿದ್ದವು.

ಅಕ್ಕ ಅವನ್ನು ಟೈಪ್ ಮಾಡುವಾಗ ನಾನು ಎದುರಿಗೇ ಕೂತಿದ್ದೆ. ಇಪ್ಪತ್ತನಾಲ್ಕನೆಯದಕ್ಕೆ ಬಂದಾಗ ಅವರ ಬೆರಳು ನಿಧಾನವಾಯಿತು. ಇಪ್ಪತ್ತೈದು ಮುಗಿಸಿ, ಹಾಳೆ ತಿರುವಿ, ಕಣ್ಣು ಪೂರ್ತಿ ತೆರೆದು ನನ್ನನ್ನು ನೋಡಿದರು.

"ಇವು ಯಾರ ಕನಸಮ್ಮ?"

"ಇದೆಯಲ್ಲ ಅಕ್ಕ, ಇಪ್ಪತ್ತೈದನೇ ಮಾಹಿತಿದಾರರು."

"ನಂಬರ್ ಕೇಳ್ಲಿಲ್ಲ. ಯಾರ ಕನಸು ಅಂದೆ." ಹಾಳೆಯ ಮೇಲೆ ಬೆರಳಿಟ್ಟು ಅವರೇ ಹೇಳಿದರು. "ಇವು ಭಾಳ ಚೆನ್ನಾಗವೆ. ಎಲ್ಲಾರೂ ಹೊರಟ ಕಡೆ ಹೋಗಿ ಮುಟ್ಟವ್ರೆ. ಇಪ್ಪತ್ತಮೂರು ಟೈಪ್ ಮಾಡ್ದೆ ನಾನು. ಒಬ್ಬಳಾದ್ರೂ ಮನೆ ಮುಟ್ಟಿದ್ಲಾ ನೋಡು. ಕನಸಲ್ಲಿ ಯಾರೂ ಮನೆ ಮುಟ್ಟಲ್ಲ ಕಣಮ್ಮ, ಅಷ್ಟರಲ್ಲಿ ಎಚ್ಚರ ಆಗೋಗತ್ತೆ."

ಸಿಕ್ಕಿಬಿದ್ದವಳಿಗೆ ಬರುವ ಸಿಟ್ಟು ದೊಡ್ಡದು. "ಅಕ್ಕಾ, ಬರೆದಿದ್ದನ್ನ ಟೈಪ್ ಮಾಡೋದಷ್ಟೇ ನಿಮ್ಮ ಕೆಲಸ" ಎಂದುಬಿಟ್ಟೆ. ಅವರು ಪೌಡರ್ ತಟ್ಟಿಕೊಂಡು, ಕತ್ತು ವಾಲಿಸಿ ಇಪ್ಪತ್ತಾರನ್ನೂ ಮುಗಿಸಿದರು. ಗೆದ್ದೆ ಅಂದುಕೊಂಡೆ. ಇಪ್ಪತ್ತೇಳರ ಹಾಳೆ ಎತ್ತಿಕೊಂಡವರು ಅರ್ಧ ಸಾಲು ಟೈಪ್ ಮಾಡಿ ಎರಡೂ ಕೈಯನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು.

ಹಾಳೆಯ ಮೇಲೆ ನಾನು ಮೊದಲ ದಿನ ಕೇಳಿ ಬರೆದುಕೊಂಡ ವಿವರ ಇತ್ತು. ವಯಸ್ಸು ನಲವತ್ತನಾಲ್ಕು, ಎರಡು ಮಗ್ಗ, ಮಕ್ಕಳು: ಒಬ್ಬ ಮಗ. ಅದರ ಕೆಳಗೆ ನಾನು ಕಟ್ಟಿದ ಕನಸು. ಮಗ ಸೈಕಲ್ ತುಳಿದುಕೊಂಡು ಬೀದಿಯ ತಿರುವಿನಲ್ಲಿ ಬರುತ್ತಾನೆ, ಬಾಗಿಲಲ್ಲಿ ಸೈಕಲ್ ನಿಲ್ಲಿಸಿ 'ಅಮ್ಮಾ' ಎಂದು ಒಳಗೆ ಬರುತ್ತಾನೆ, ಅವಳು ಬಿಸಿ ಮುದ್ದೆ ಬಡಿಸುತ್ತಾಳೆ.

"ಇದು ಹಿಂದಿನ ಬೀದಿ ಮೂರನೇ ತಿರುವಿನ ಮನೆ ಅಲ್ವಾ?" ಅಂದರು ಅಕ್ಕ. ನಾನು ತಲೆ ಆಡಿಸಿದೆ.

"ಅವಳ ಮಗ ತೀರ್ಕೊಂಡು ಎರಡು ವರ್ಷ ಆಯ್ತಲ್ಲಮ್ಮ."

ನನಗೆ ಗೊತ್ತಿರಲಿಲ್ಲ. ಮಕ್ಕಳೆಷ್ಟು ಎಂದು ಕೇಳಿದಾಗ ಆಕೆ ಒಬ್ಬ ಮಗ ಎಂದಿದ್ದಳು, ನಾನು ಬರೆದುಕೊಂಡಿದ್ದೆ. ಒಳಗಡೆ ಮಗ್ಗ ಓಡುತ್ತಲೇ ಇತ್ತು. ನನಗೆ ಆ ಕ್ಷಣದಲ್ಲಿ ಆದದ್ದು ಭಯವೋ ಅಸಹ್ಯವೋ ಇವತ್ತಿಗೂ ಸರಿಯಾಗಿ ಹೇಳಲಾರೆ. ನನ್ನದೇ ಅಕ್ಷರ ನೋಡಲು ಆಗಲಿಲ್ಲ.

"ಇದನ್ನ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ" ಎಂದು ಅಕ್ಕ ಎದ್ದರು. ವರದಿ ಒಪ್ಪಿಸುವ ಆ ವಾರದಲ್ಲಿ ಅವರು ಊಟಕ್ಕೂ ಎದ್ದವರಲ್ಲ. ಅಂಥವರು ಹಾಡಹಗಲೇ ಅಂಗಡಿಯ ಬಾಗಿಲು ಎಳೆದುಕೊಂಡು, ಬಿಳೀ ಬೆರಳುಗಳನ್ನು ಸೆರಗಿಗೆ ಒರೆಸುತ್ತಾ, "ನಡಿ, ಕೇಳ್ಕೊಂಡು ಬರಾಣ" ಅಂದರು.

ಆಕೆ ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತುತ್ತಿದ್ದಳು. ನಮ್ಮನ್ನು ನೋಡಿ ಎದ್ದು, ನೀರು ಕೊಟ್ಟಳು. ನಾನು ಪುಸ್ತಕದ ಮಾತೆತ್ತಿದೆ. "ಅಯ್ಯೋ ಐತೆ ಕಣವ್ವ, ಕೊಡಾಕೆ ಏನಿತ್ತು ಅಂತ ಇಟ್ಕೊಂಡೆ" ಎನ್ನುತ್ತಾ ದೇವರ ಗೂಡಿನಿಂದ ತಂದುಕೊಟ್ಟಳು. ಏಳು ಪುಟಗಳಲ್ಲಿ ಏಳು ತಾರೀಖು. ಒಂದೊಂದರ ಕೆಳಗೂ ದಪ್ಪ ಅಕ್ಷರದಲ್ಲಿ 'ಇಲ್ಲ' ಎಂದಿತ್ತು. ಏಳು ಬೆಳಗ್ಗೆಯೂ ಎದ್ದು, ಪೆನ್ನು ಹುಡುಕಿ, ನಾನು ಹೇಳಿದ ಹಾಗೆಯೇ ಬರೆದಿದ್ದಳು.

"ನಂಗೆ ಬೀಳಲ್ಲ ಕಣವ್ವ. ಬೀಳ್ಲಿ ಅಂತ್ಲೇ ಮಲಗ್ತೀನಿ. ಒಂದ್ಸಲ ಮುಖ ತೋರುಸ್ಲಿ ಅಂತ. ಎಲ್ಲಾರ್ಗೂ ಬೀಳ್ತದಂತೆ, ನಂಗ್ಯಾಕೋ ಬೀಳಾದಿಲ್ಲ. ನೀನು ಓದಿರೋಳು, ಯಾಕೆ ಅಂತ ಗೊತ್ತಾ?"

ಗೊತ್ತಿಲ್ಲ ಎಂದೆ. ನನ್ನ ಎರಡು ವರ್ಷದ ಓದಿನಲ್ಲಿ ಆ ಒಂದು ಮಾತನ್ನಾದರೂ ನಿಜವಾಗಿ ಹೇಳಿದೆನಲ್ಲ ಎಂಬುದಷ್ಟೇ ಈಗ ಸಮಾಧಾನ.

ವಾಪಸ್ಸು ಬರುವಾಗ ಅಕ್ಕ ಬೈಯಲಿಲ್ಲ. ಅಂಗಡಿಗೆ ಬಂದು ಕೂತು, ನಾನು ಕಟ್ಟಿದ ಮೂರು ಕನಸುಗಳನ್ನು ಕಂಪ್ಯೂಟರಿನಿಂದ ಒಂದೊಂದಾಗಿ ಅಳಿಸಿದರು. "ಈಗ ಉಳಿದ ಆರು ಮನೆಗೂ ಹೋಗು. ಏನು ಕೊಡ್ತಾರೋ ಅದನ್ನೇ ತಗೊಂಡ್ಬಾ. ಖಾಲಿ ಕೊಟ್ರೆ ಖಾಲಿ" ಎಂದರು. ಮೂರು ದಿನ ಬಿಸಿಲಲ್ಲಿ ತಿರುಗಿದೆ. ನಾಲ್ಕು ಮನೆಯಲ್ಲಿ ಇಂಥವೇ ಖಾಲಿ ಪುಸ್ತಕಗಳು: ಒಬ್ಬಳಿಗೆ ಮಲಗಿದರೆ ಕಲ್ಲಿನ ಹಾಗೆ ನಿದ್ದೆ, ಇನ್ನೊಬ್ಬಳಿಗೆ ನಿದ್ದೆಯೇ ಇಲ್ಲ. ಇಬ್ಬರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಅಕ್ಕ ನನ್ನ ಫಲಿತಾಂಶದ ಅಧ್ಯಾಯದಲ್ಲಿ ಒಂದು ಹೊಸ ಉಪಶೀರ್ಷಿಕೆಗೆ ಜಾಗ ಬಿಟ್ಟು, "ಇವರನ್ನೇನಂತ ಕರೀತೀಯ?" ಎಂದು ಕೇಳಿದರು. 'ಕನಸು ಬೀಳದವರು' ಎಂದು ಹೇಳಿದೆ. ಸಿಗದೇ ಹೋದ ಇಬ್ಬರ ಮಾತು 'ಅಧ್ಯಯನದ ಮಿತಿಗಳು' ಎಂಬ ಭಾಗಕ್ಕೆ ಹೋಯಿತು. ಎಲ್ಲರೂ ಎರಡು ಸಾಲಿನಲ್ಲಿ ಮುಗಿಸುವ ಆ ಭಾಗ ನನ್ನ ವರದಿಯಲ್ಲಿ ಒಂದೂವರೆ ಪುಟ ಆಯಿತು. "ಮಿತಿ ಅನ್ನೋದು ಅವಮಾನ ಅಲ್ಲಮ್ಮ. ಇಲ್ಲೀವರ್ಗೂ ಹೋಗಿದ್ದೆ, ಇಲ್ಲಿಂದಾಚೆ ಹೋಗ್ಲಿಲ್ಲ ಅಂತ ಹೇಳೋದು. ನಿನ್ನ ಹಿಂದೆ ಬರೋರಿಗೆ ದಾರಿ ಗೊತ್ತಾಗ್ಬೇಡ್ವಾ?"

ಇದನ್ನು ಓದುವವರು, ಸರಿ, ಸತ್ಯಕ್ಕೆ ಫಲ ಸಿಕ್ಕಿತು ಎಂದುಕೊಳ್ಳುತ್ತಿದ್ದರೆ ಸ್ವಲ್ಪ ತಡೆಯಬೇಕು. ಗೈಡ್ ಮೇಡಂ ವರದಿ ತಿರುವಿ ಹಾಕಿ, "ಮೂವತ್ತು ಹೇಳಿದ್ದೆ, ಇಪ್ಪತ್ತೆಂಟಿದೆ. ಅದರಲ್ಲೂ ಐದು ಖಾಲಿ. ಖಾಲಿ ಪುಸ್ತಕಾನ ಮಾಹಿತಿ ಅಂತ ಹೆಂಗಮ್ಮ ತಗೊಳ್ಳೋದು?" ಎಂದು ಮಾರ್ಕ್ಸ್ ಕತ್ತರಿಸಿದರು. ಮೊದಲ ದರ್ಜೆ ಕೂದಲೆಳೆಯಲ್ಲಿ ತಪ್ಪಿತು. ವಸತಿ ಶಾಲೆಯ ಕೆಲಸ ಬೇರೆಯವರ ಪಾಲಾಯಿತು. ನನಗೆ ಅಕ್ಕನ ಮೇಲೆ ಕೆಟ್ಟ ಸಿಟ್ಟು ಬಂತು. ವರದಿಯಲ್ಲಿ ಕೃತಜ್ಞತೆಯ ಪುಟವೊಂದಿರುತ್ತದೆ. ಅದರಲ್ಲಿ ಗೈಡ್, ಪ್ರಿನ್ಸಿಪಾಲರು, ಅಪ್ಪ ಅಮ್ಮ, ಚಿಕ್ಕಮ್ಮ, ಗೆಳತಿಯರು ಎಲ್ಲರೂ ಇದ್ದಾರೆ, ಅಕ್ಕ ಇಲ್ಲ. ಸಿಟ್ಟು ಮೊದಲೇ ಶುರುವಾಗಿತ್ತು: ವರದಿ ಒಪ್ಪಿಸುವ ಹಿಂದಿನ ದಿನವೇ ಕೆಲಸ ಕೈತಪ್ಪುವ ವಾಸನೆ ಹೊಡೆದಿತ್ತು, ಬೇಕಂತಲೇ ಬಿಟ್ಟಿದ್ದೆ. ಆ ಪುಟವನ್ನೂ ಅವರೇ ಟೈಪ್ ಮಾಡಿದ್ದರು. ಆಮೇಲೆ ಒಂದು ವರ್ಷ ಆ ಬೀದಿಯ ಕಡೆ ನಾನು ತಲೆ ಹಾಕಲಿಲ್ಲ.

ಮರುವರ್ಷ ದೇವನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಮಕ್ಕಳ ಜೊತೆ ಮಾತಾಡುವ ಕೆಲಸ ಸಿಕ್ಕಿತು. ಮೊದಲ ವಾರವೇ ಒಬ್ಬ ಹುಡುಗಿ ನನ್ನೆದುರು ಅರ್ಧ ಗಂಟೆ ಕೂತು, "ಮನೇಲಿ ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ಗೊತ್ತಾಗಲ್ಲ ಮಿಸ್" ಎಂದಷ್ಟೇ ಹೇಳಿ ಎದ್ದುಹೋದಳು. ನಾನು ಕಡತದಲ್ಲಿ 'ಮನೆಯಲ್ಲಿ ಅಭದ್ರತೆ, ತಂದೆಯ ಭಯ' ಎಂದೆಲ್ಲ ಸೊಗಸಾಗಿ ಒಂದು ಪುಟ ಬರೆದೆ. ಬರೆದು ಓದಿ ನೋಡಿದರೆ, ಅದರಲ್ಲಿ ಆ ಹುಡುಗಿ ಆಡಿದ ಒಂದು ಪದವೂ ಇರಲಿಲ್ಲ. ಹಾಳೆ ಹರಿದು, ಚಪ್ಪಲಿಯ ಮಾತನ್ನು ಮಾತ್ರ ಬರೆದಿಟ್ಟೆ. ಅವಳಿಗೆ ತಂದೆಯೇ ಇಲ್ಲ ಎನ್ನುವುದು ಎಷ್ಟೋ ವಾರದ ಮೇಲೆ ಗೊತ್ತಾಯಿತು. ಅದು ಗೊತ್ತಾದ ದಿನ ಸಂಜೆ ಬಸ್ಸಿಳಿದವಳು ನೇರ ಅಕ್ಕನ ಅಂಗಡಿಗೆ ಹೋದೆ.

ಅವರು ಅರೆಗಣ್ಣಲ್ಲೇ ನೋಡಿ, "ಬಾಮ್ಮ, ಕೂತ್ಕೊ. ಯಾವ ಅಧ್ಯಾಯ?" ಅಂದರು, ನಿನ್ನೆ ಎದ್ದು ಹೋದವಳನ್ನು ಕೇಳುವ ಹಾಗೆ. ನನಗೆ ಅಳು ಬಂತು. ಅಕ್ಕ ಜೆರಾಕ್ಸ್ ಮೆಷಿನ್ನಿನ ಮೇಲಿಂದ ಒಂದು ಹಾಳೆ ತೆಗೆದು ಮಡಚಿ, ಗಾಳಿ ಹಾಕಿಕೊಳ್ಳಲು ಕೊಟ್ಟರು. ಆಮೇಲೆ ಎಷ್ಟೋ ಸಂಜೆ ಹಾಗೆ ಹೋಗಿ ಕೂತಿದ್ದೇನೆ. ಅಷ್ಟರಲ್ಲಿ ಹುಡುಗರೆಲ್ಲ ಫೋನಿನೆದುರು ಮಾತಾಡಿಯೇ ಟೈಪ್ ಮಾಡಿಸಿಕೊಳ್ಳತೊಡಗಿದ್ದರು, ಅಂಗಡಿಯಲ್ಲಿ ಕೆಲಸ ಕಡಿಮೆಯಾಗಿತ್ತು. ಅಕ್ಕನಿಗೆ ಉಸಿರಿನ ತೊಂದರೆ ಶುರುವಾಗಿತ್ತು. ಸುಮ್ಮನೆ ಕೂತಿರುತ್ತಿದ್ದೆವು. ಮಗ್ಗ ಓಡುತ್ತಿತ್ತು, ಅವರು ತೂಕಡಿಸುತ್ತಿದ್ದರು, ನಾನೂ ತೂಕಡಿಸುತ್ತಿದ್ದೆ. ಒಮ್ಮೆ ಮಾತ್ರ ಕೃತಜ್ಞತೆಯ ಪುಟದ ಮಾತೆತ್ತಿ, "ತಪ್ಪಾಯ್ತು ಅಕ್ಕ" ಎಂದೆ. "ಬಿಡಮ್ಮ, ಆ ಪುಟಾನ ಯಾರೂ ಓದಲ್ಲ" ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು.

ಹೋದ ವರ್ಷ ಚಳಿಗಾಲದಲ್ಲಿ ಅಕ್ಕ ಹೋಗಿಬಿಟ್ಟರು. ಹನ್ನೊಂದನೆಯ ದಿನ ಮನೆಗೆ ಹೋದಾಗ ಮಗ್ಗ ನಿಲ್ಲಿಸಿದ್ದರು. ಆ ಮನೆಯನ್ನು ಸದ್ದಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಮೌನಕ್ಕೆ ಕಿವಿ ನೋಯುತ್ತಿತ್ತು. ಊಟ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಹಿಂದಿನಿಂದ ಯಾರೋ ತೋಳು ಮುಟ್ಟಿದರು. ಹಿಂದಿನ ಬೀದಿಯ ಆಕೆ. ನನ್ನ ವರದಿಯ ಇಪ್ಪತ್ತೇಳನೆಯವಳು.

"ನಿನ್ನ ಪುಸ್ತಕ ಮುಗುದೋಯ್ತೇನವ್ವ?" ಅಂದಳು.

"ಎಂದೋ ಮುಗೀತಲ್ಲಮ್ಮ. ಯಾಕೆ?"

ಆಕೆ ಸುತ್ತ ನೋಡಿ ದನಿ ತಗ್ಗಿಸಿದಳು. "ಬೆಳಗಿನ ಜಾವ ನಂಗೊಂದು ಬಿತ್ತು."

ನಾನು ಒದ್ದೆ ಕೈಯಲ್ಲೇ ಆಕೆಯ ಕಡೆ ತಿರುಗಿದೆ.

"ಈ ಅಕ್ಕ ನಮ್ಮ ಜಗುಲಿ ಮ್ಯಾಲೆ ಕೂತ್ಕೊಂಡು ಅವರೆಕಾಯಿ ಸುಲೀತಾ ಇದ್ಲು. ನಾನು ಹೋಗಿ, ಅಕ್ಕಾ, ನಮ್ಮ ಹುಡುಗನ್ನ ಕಂಡ್ಯಾ ಅಂದೆ. ಹೂಂ ಕಣೆ, ಬರ್ತಾವ್ನೆ, ಬೀದಿ ತುದೀಲವ್ನೆ, ಕೂತ್ಕೊ ಅಂದ್ಲು. ನಾನು ಕೂತ್ಕೊಂಡು ಆ ಕಡೆ ತಿರುಗ್ದೆ."

ನಾನು ಕಾದೆ. ಕೊನೆಗೆ ತಡೆಯಲಾರದೆ, "ಆಮೇಲೆ?" ಎಂದೆ.

"ಆಮೇಲೇನಿಲ್ಲ. ಪಕ್ಕದ ಮನೇಲಿ ಮಗ್ಗ ಹಾಕುದ್ರು. ಎಚ್ಚರ ಆಗೋಯ್ತು." ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡು ಕೇಳಿದಳು. "ಬರ್ಕೊತೀಯಾ?"

ಕೈ ಒರೆಸಿಕೊಂಡು, ಬ್ಯಾಗಿನಿಂದ ಪೆನ್ನು ತೆಗೆದು, ಆಕೆಯೆದುರೇ ಬರೆದುಕೊಂಡೆ. ಜಗುಲಿ, ಅವರೆಕಾಯಿ, ಬೀದಿಯ ತುದಿ. ಅಲ್ಲಿಗೆ ನಿಲ್ಲಿಸಿ, ಬರೆದದ್ದನ್ನು ಆಕೆಗೆ ಓದಿ ಹೇಳಿದೆ. ಸರಿಯಾಗಿದೆ ಎಂದಳು.